ಶಾಲೆಗಳು ಕೈಬಿಟ್ಟ ಹುಡುಗ: ಸಾಂಟಿಯಾಗೊ ರಮೋನ್ ಇ ಕಾಹಾಲ್

ಹತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡಲು ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರು ಒಂದಲ್ಲ ಒಂದು ದಿನ ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರ ಬರೆಯುತ್ತಾರೆ. ಕವಲೊಡೆದ ಡೆಂಡ್ರೈಟ್‌ಗಳು, ಕೋಶಕಾಯ, ಉದ್ದನೆಯ ಆಕ್ಸಾನ್. ಭಾಗಗಳನ್ನು ಗುರುತಿಸಿ, ಕಾರ್ಯ ತಿಳಿಸಿ, ಮೌಲ್ಯಮಾಪನದ ಪ್ರಶ್ನೆ ಕೇಳಿ ಪಾಠ ಮುಗಿಸುತ್ತಾರೆ. ಆ ಚಿತ್ರದ ಅರ್ಥವನ್ನು ಜಗತ್ತಿಗೆ ತಿಳಿಸಿಕೊಟ್ಟ ವ್ಯಕ್ತಿ ಬಾಲ್ಯದಲ್ಲಿ ಶಿಕ್ಷಕರೆಲ್ಲರೂ ಆಸೆ ಬಿಟ್ಟಿದ್ದ ವಿದ್ಯಾರ್ಥಿ ಎಂಬುದನ್ನು ಪಾಠಯೋಜನೆಯಲ್ಲಿ ಸೇರಿಸಿದವರನ್ನು ಕಾಣುವುದು ಅಪರೂಪ.

ಸಾಂಟಿಯಾಗೊ ರಮೋನ್ ಇ ಕಾಹಾಲ್ ಹುಟ್ಟಿದ್ದು 1852ರ ಮೇ 1ರಂದು, ಸ್ಪೇನಿನ ಪೆಟಿಲ್ಲಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ. ತಂದೆ ಹುಸ್ಟೊ ರಮೋನ್ ಕಡುಬಡತನದಿಂದ ಮೇಲೆ ಬಂದು, ಕ್ಷೌರಿಕ ವೈದ್ಯರ ಬಳಿ ಕೆಲಸ ಕಲಿತು, ಕಷ್ಟಪಟ್ಟು ಓದಿ ವೈದ್ಯರಾದವರು. ಪುಸ್ತಕದಲ್ಲಿ ಉಪಯೋಗಕ್ಕೆ ಬಾರದ್ದು ಏನಿದ್ದರೂ ಅವರಿಗೆ ಸಹನೆಯಿಲ್ಲ. ಮಗನಿಗೋ ಚಿತ್ರದ ಹುಚ್ಚು. ಗೋಡೆ, ಬಾಗಿಲು, ಪುಸ್ತಕದ ಅಂಚು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗೀಚುತ್ತಿದ್ದ. ಆಯೆರ್ಬೆ ಎಂಬ ಊರಿನಲ್ಲಿದ್ದಾಗ ತಂದೆ ಒಂದು ಪರೀಕ್ಷೆ ಏರ್ಪಡಿಸಿದರು. ಚರ್ಚಿನ ಗೋಡೆಗೆ ಗಾರೆ ಬಳಿಯಲು ಬಂದಿದ್ದ ಕೆಲಸಗಾರನ ಮುಂದೆ ಮಗನ ಚಿತ್ರವನ್ನು ಹಿಡಿದರು. ಇದು ಚಿತ್ರವೇ ಅಲ್ಲ, ಹುಡುಗನಿಗೆ ಕಲೆ ಒಲಿಯುವುದಿಲ್ಲ ಎಂದು ಆತ ತೀರ್ಪು ಕೊಟ್ಟ. ಬಣ್ಣದ ಪೆಟ್ಟಿಗೆ ಅಲ್ಲಿಗೆ ಮುಚ್ಚಿತು. ಮೌಲ್ಯಮಾಪಕರನ್ನು ಆರಿಸುವಾಗ ಎಷ್ಟು ಎಚ್ಚರ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಮುಂದೆ ಹಾಕಾ ಪಟ್ಟಣದ ಪಾದ್ರಿಗಳ ಶಾಲೆ. ಅಲ್ಲಿ ಲ್ಯಾಟಿನ್ ವ್ಯಾಕರಣವನ್ನು ಬಾಯಿಪಾಠ ಒಪ್ಪಿಸಬೇಕು, ತಪ್ಪಿದರೆ ಬೆತ್ತ, ಅದಕ್ಕೂ ಬಗ್ಗದಿದ್ದರೆ ಊಟವಿಲ್ಲದೆ ಕೋಣೆಯಲ್ಲಿ ಬಂಧನ. ಹುಡುಗ ಬಗ್ಗಲಿಲ್ಲ, ಕಲಿಯಲೂ ಇಲ್ಲ. ಹನ್ನೊಂದರ ವಯಸ್ಸಿನಲ್ಲಿ ಮರದ ತೊಲೆಯಿಂದ ಫಿರಂಗಿ ಮಾಡಿ ನೆರೆಯವರ ತೋಟದ ಬಾಗಿಲನ್ನು ಹಾರಿಸಿ, ಊರಿನ ಸೆರೆಮನೆಯಲ್ಲಿ ಕೆಲವು ದಿನ ಕಳೆದ. ಬೇಸತ್ತ ತಂದೆ ಅವನನ್ನು ಮೊದಲು ಕ್ಷೌರಿಕನ ಅಂಗಡಿಗೆ, ಆಮೇಲೆ ಚಮ್ಮಾರನ ಅಂಗಡಿಗೆ ಕೆಲಸಕ್ಕೆ ಹಾಕಿದರು. ಜೋಡು ಹೊಲಿಯುವುದರಲ್ಲಿ ಅವನ ಕೈ ಚೆನ್ನಾಗಿಯೇ ಪಳಗಿತು.

ಆದರೆ ಇದೇ ತಂದೆ ಒಳ್ಳೆಯ ಶಿಕ್ಷಕರೂ ಆಗಿದ್ದರು. ಬಹಳ ಹಿಂದೆ, ಊರಾಚೆಯ ಕುರುಬರ ಗುಹೆಯೊಂದರಲ್ಲಿ ಮಗನನ್ನು ಕೂರಿಸಿಕೊಂಡು ಫ್ರೆಂಚ್ ಕಲಿಸಿದ್ದರು. 1868ರ ಬೇಸಿಗೆಯಲ್ಲಿ, ಮಗನಿಗೆ ಹದಿನಾರು ತುಂಬಿದಾಗ, ಅವನನ್ನು ರಾತ್ರಿ ಸ್ಮಶಾನಕ್ಕೆ ಕರೆದೊಯ್ದರು. ಅಲ್ಲಿ ಹೊರಬಿದ್ದಿದ್ದ ಮೂಳೆಗಳನ್ನು ಆರಿಸಿ ತಂದು, ಕೊಟ್ಟಿಗೆಯಲ್ಲಿ ಹರಡಿ ಅಸ್ಥಿಶಾಸ್ತ್ರ ಕಲಿಸತೊಡಗಿದರು. ಒಂದೊಂದು ಮೂಳೆಯ ಉಬ್ಬು, ತಗ್ಗು, ರಂಧ್ರಗಳನ್ನೂ ಕೈಯಲ್ಲಿ ಹಿಡಿದು ನೋಡಬೇಕು, ನೋಡಿದ್ದನ್ನು ಬರೆಯಬೇಕು. ಅಷ್ಟು ವರ್ಷ ಅಪರಾಧವಾಗಿದ್ದ ಚಿತ್ರ ಈಗ ಪಾಠವಾಯಿತು. ಬಾಯಿಪಾಠಕ್ಕೆ ಒಗ್ಗದ ನೆನಪು ಆಕಾರಗಳಿಗೆ ಸೊಗಸಾಗಿ ಒಗ್ಗಿತು. ಆತನ ಬದುಕಿನ ತಿರುವು ನನ್ನ ಎಣಿಕೆಯಲ್ಲಿ ಈ ಕೊಟ್ಟಿಗೆ, ಮುಂದಿನ ವಿಶ್ವವಿದ್ಯಾಲಯಗಳಲ್ಲ.

1873ರಲ್ಲಿ ಸರಗೋಸಾದಲ್ಲಿ ವೈದ್ಯ ಪದವಿ. ಬಳಿಕ ಸೈನ್ಯದ ವೈದ್ಯರಾಗಿ ಕ್ಯೂಬಾ, ಅಲ್ಲಿ ಮಲೇರಿಯಾ, ನಿತ್ರಾಣರಾಗಿ 1875ರಲ್ಲಿ ವಾಪಸು. ಅಲ್ಲಿ ಗಳಿಸಿದ ಸಂಬಳದಲ್ಲಿ ಉಳಿದದ್ದರಿಂದ ಒಂದು ಸೂಕ್ಷ್ಮದರ್ಶಕ ಕೊಂಡರು. ಕ್ಷಯದಿಂದ ಚೇತರಿಸಿಕೊಂಡು, 1879ರಲ್ಲಿ ಸಿಲ್ವೇರಿಯಾ ಫಾನ್ಯಾನಾಸ್ ಅವರನ್ನು ಮದುವೆಯಾದರು. ಏಳು ಮಕ್ಕಳ ಆ ಸಂಸಾರದಲ್ಲಿ ಪತಿಯ ಪ್ರಯೋಗದ ಖರ್ಚಿಗೂ ಹಣ ಉಳಿಯುವಂತೆ ನೋಡಿಕೊಂಡವರು ಆಕೆ.

1887ರಲ್ಲಿ ಮ್ಯಾಡ್ರಿಡ್‌ಗೆ ಹೋದಾಗ ಲೂಯಿಸ್ ಸಿಮಾರೊ ಎಂಬ ವೈದ್ಯರು ಅವರಿಗೆ ಒಂದು ಗಾಜಿನ ಸ್ಲೈಡ್ ತೋರಿಸಿದರು. ಇಟಲಿಯ ಕಮಿಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದಿದ್ದ ಬಣ್ಣದ ವಿಧಾನ ಅದು. ಮೆದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟ್‌ಗೆ ಹಾಕಿದರೆ ಸಾವಿರಾರು ಕೋಶಗಳ ನಡುವೆ ಎಲ್ಲೋ ಕೆಲವು ಮಾತ್ರ ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಕೆಲವೇ ಕೋಶಗಳು ಕಪ್ಪಾಗುವುದೇ ಇದರ ಗುಣ. ಎಲ್ಲವೂ ಬಣ್ಣ ಹಿಡಿದರೆ ಬರಿಯ ಮಸಿ ಕಾಣುತ್ತಿತ್ತು. ಒಮ್ಮೆ ಹಿಡಿದು ಒಮ್ಮೆ ಕೈಕೊಡುವ ಈ ವಿಧಾನವನ್ನು ಹೆಚ್ಚಿನವರು ಬಿಟ್ಟಿದ್ದರು. ಕಾಹಾಲ್ ಎರಡು ಬದಲಾವಣೆ ಮಾಡಿದರು: ತುಣುಕನ್ನು ದ್ರಾವಣಗಳಲ್ಲಿ ಎರಡು ಸಲ ಅದ್ದಿದರು, ಬೆಳೆದ ಪ್ರಾಣಿಯ ಬದಲು ಭ್ರೂಣ, ಎಳೆಮರಿಗಳ ಮೆದುಳನ್ನು ಆರಿಸಿಕೊಂಡರು. ನರತಂತುಗಳಿಗೆ ಮಯಲಿನ್ ಹೊದಿಕೆ ಬರುವ ಮೊದಲು ಬಣ್ಣ ಚೆನ್ನಾಗಿ ಹಿಡಿಯುತ್ತದೆ. ದಟ್ಟಕಾಡಿನಲ್ಲಿ ಮರ ಗುರುತಿಸುವುದಕ್ಕಿಂತ ಸಸಿತೋಟದಲ್ಲಿ ಗುರುತಿಸುವುದು ಸುಲಭವಲ್ಲವೇ?

ನರವ್ಯೂಹವೆಲ್ಲ ಒಂದಕ್ಕೊಂದು ಬೆಸೆದ ಒಂದೇ ಬಲೆ ಎಂಬುದು ಆಗಿನ ನಂಬಿಕೆ, ಗಾಲ್ಜಿಯವರದೂ ಅದೇ. ಕಾಹಾಲ್ ಕಂಡದ್ದು ಬೇರೆ. ತಂತುಗಳು ಪಕ್ಕದ ಕೋಶದ ಹತ್ತಿರ ಬಂದು ನಿಲ್ಲುತ್ತವೆ, ಒಳಗೆ ಬೆಸೆದುಕೊಳ್ಳುವುದಿಲ್ಲ. ಪ್ರತಿಯೊಂದೂ ಸ್ವತಂತ್ರ ಕೋಶ. ಇದನ್ನು ಪ್ರಕಟಿಸಲು 1888ರ ಮೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಸ್ವಂತ ಖರ್ಚಿನಲ್ಲೇ ಪತ್ರಿಕೆ ಹೊರಡಿಸಿದರು. ಅಚ್ಚಾದದ್ದು 60 ಪ್ರತಿ. ಸ್ಪ್ಯಾನಿಷ್ ಓದುವ ವಿಜ್ಞಾನಿಗಳು ಎಷ್ಟು ಮಂದಿ? ಉತ್ತರ ಬರಲಿಲ್ಲ. 1889ರ ಅಕ್ಟೋಬರಿನಲ್ಲಿ ಕೈಯಿಂದ ಹಣ ಹಾಕಿ ಬರ್ಲಿನ್‌ನ ಅಂಗರಚನಾಶಾಸ್ತ್ರಜ್ಞರ ಸಮ್ಮೇಳನಕ್ಕೆ ಹೋದರು. ಸರಿಯಾಗಿ ಬಾರದ ಫ್ರೆಂಚ್‌ನಲ್ಲಿ ವಾದಿಸುವುದಕ್ಕಿಂತ, ಸೂಕ್ಷ್ಮದರ್ಶಕದಲ್ಲಿ ಸ್ಲೈಡ್ ಇಟ್ಟು ನೋಡಿರೆಂದು ಕರೆದರು. ಎಪ್ಪತ್ತು ದಾಟಿದ್ದ ಹಿರಿಯ ವಿಜ್ಞಾನಿ ಕೋಲಿಕರ್ ನೋಡಿದರು, ಒಪ್ಪಿದರು, ಈ ಬರಹಗಳನ್ನು ಓದಲೆಂದೇ ಸ್ಪ್ಯಾನಿಷ್ ಕಲಿತರು. 1891ರಲ್ಲಿ ವಾಲ್ಡೆಯರ್ ಈ ಕೋಶಕ್ಕೆ ನ್ಯೂರಾನ್ ಎಂಬ ಹೆಸರು ಕೊಟ್ಟರು. 1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಜಿ, ಕಾಹಾಲ್ ಹಂಚಿಕೊಂಡರು. ಗಾಲ್ಜಿ ತಮ್ಮ ಉಪನ್ಯಾಸದಲ್ಲೂ ನ್ಯೂರಾನ್ ಸಿದ್ಧಾಂತವನ್ನು ಅಲ್ಲಗಳೆದರು.

ಕಾಹಾಲರ ಚಿತ್ರಗಳು ಒಂದೇ ಸ್ಲೈಡಿನ ನಕಲಲ್ಲ. ಹತ್ತಾರು ಸ್ಲೈಡ್‌ಗಳಲ್ಲಿ ಕಂಡದ್ದನ್ನು ಮನಸ್ಸಿನಲ್ಲಿ ಕೂಡಿಸಿ ಬರೆದವು. ಅಂದರೆ ಪ್ರತಿ ಚಿತ್ರವೂ ಒಂದು ವಾದ.

ಕೋಶಗಳು ಬೇರೆ ಬೇರೆ ಎಂದಾದರೆ ಕಠಿಣ ಪ್ರಶ್ನೆಯೊಂದು ಏಳುತ್ತದೆ. ಬೆಳೆಯುತ್ತಿರುವ ಆಕ್ಸಾನ್ ತನ್ನ ಗುರಿಗೆ ದಾರಿ ಕಂಡುಕೊಳ್ಳುವುದು ಹೇಗೆ? 1890ರಲ್ಲಿ ಕೋಳಿಭ್ರೂಣದಲ್ಲಿ ಅವರು ಆಕ್ಸಾನಿನ ತುದಿಯ ಉಬ್ಬನ್ನು ಗುರುತಿಸಿ ಬೆಳವಣಿಗೆಯ ಶಂಕು ಎಂದು ಕರೆದರು. ನೋಡಿದ್ದು ಸತ್ತ ಅಂಗಾಂಶ; ಆದರೂ ಅದು ದಾರಿ ಬಿಡಿಸಿಕೊಂಡು ಮುನ್ನುಗ್ಗುವ ಜೀವಂತ ತುದಿಯೆಂದು ಊಹಿಸಿದರು. ಸುಮಾರು ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ನರಕೋಶವನ್ನು ದೇಹದ ಹೊರಗೆ ಬೆಳೆಸಿ ಅದು ಚಲಿಸುವುದನ್ನು ಕಣ್ಣಾರೆ ಕಂಡರು. 1892ರಲ್ಲಿ ಕಾಹಾಲ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ಉರಿಯೂತದ ಕಡೆಗೆ ಬಿಳಿ ರಕ್ತಕಣಗಳು ಸೆಳೆಯಲ್ಪಡುವಂತೆ, ಗುರಿಯ ಅಂಗಾಂಶ ಸ್ರವಿಸುವ ರಾಸಾಯನಿಕ ತಂತುವನ್ನು ಸೆಳೆಯುತ್ತಿರಬೇಕು. 1911ರಲ್ಲಿ ಶಿಷ್ಯ ಟೆಲ್ಲೊ, ಮೊಲದ ಕಾಲಿನ ನರದ ತುಣುಕನ್ನು ಅದರ ಮೆದುಳಿಗೆ ಕಸಿ ಮಾಡಿದರು. ಮತ್ತೆ ಬೆಳೆಯುವುದಿಲ್ಲವೆಂದೇ ತಿಳಿದಿದ್ದ ಮೆದುಳಿನ ತಂತುಗಳು ಆ ತುಣುಕಿನೊಳಗೆ ಬೆಳೆದವು. ಮೆದುಳಿನ ಕೋಶಗಳಿಗೆ ಬೆಳೆಯುವ ಶಕ್ತಿಯಿದೆ, ಅದಕ್ಕೆ ಬೇಕಾದ ಪದಾರ್ಥ ಸುತ್ತಲೂ ಇಲ್ಲ ಎಂದು ಕಾಹಾಲ್ ತರ್ಕಿಸಿದರು. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಅವರು ತೀರಿಕೊಂಡಾಗ ಆ ಪದಾರ್ಥವನ್ನು ಯಾರೂ ಕಂಡಿರಲಿಲ್ಲ.

ಇಲ್ಲಿ ತರಗತಿಯಲ್ಲಿ ಎಡವುವ ಜಾಗವೊಂದಿದೆ. ಟ್ರೋಪಿಕ್ ಎಂದರೆ ಒಂದು ದಿಕ್ಕಿಗೆ ತಿರುಗಿಸುವುದು. ಟ್ರೋಫಿಕ್ ಎಂದರೆ ಪೋಷಿಸಿ ಬದುಕಿಸುವುದು. ಪ, ಫ ನಡುವಿನ ಅಂತರ ಇಷ್ಟು. ಕಾಹಾಲ್ ಮುಖ್ಯವಾಗಿ ಹುಡುಕಿದ್ದು ಮೊದಲನೆಯದನ್ನು. ಸಿಕ್ಕಿದ್ದು ಎರಡನೆಯದು. ಯಹೂದಿಯೆಂಬ ಕಾರಣಕ್ಕೆ ಕೆಲಸ ಕಳೆದುಕೊಂಡು, ಟ್ಯೂರಿನ್‌ನ ಮಲಗುವ ಕೋಣೆಯಲ್ಲೇ ಕೋಳಿಭ್ರೂಣಗಳಿಗೆ ಬೆಳ್ಳಿಯ ಬಣ್ಣ ಹಾಕಿ ಅಧ್ಯಯನ ಮಾಡಿದ ರೀಟಾ ಲೆವಿ-ಮೊಂಟಲ್ಚಿನಿ, 1950ರ ದಶಕದಲ್ಲಿ ಅಮೆರಿಕದಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನರ ಬೆಳವಣಿಗೆಯ ಅಂಶವೆಂಬ ಪ್ರೋಟೀನನ್ನು ಕಂಡುಹಿಡಿದರು. ಅದಕ್ಕೆ 1986ರ ನೊಬೆಲ್ ಬಂತು. ಅದೇ ಬಳಗದ ಇನ್ನೊಂದು ಪ್ರೋಟೀನ್ 1982ರಲ್ಲಿ ಹಂದಿಯ ಮೆದುಳಿನಿಂದ ಸಿಕ್ಕಿತು. ಒಂದೂವರೆ ಕಿಲೋ ಮೆದುಳು ಅರೆದರೆ ಸುಮಾರು 1 ಮೈಕ್ರೋಗ್ರಾಂ. ಹೀಗಿದ್ದರೆ ಪ್ರಯೋಗ ನಡೆಸುವುದು ಹೇಗೆ? ಆದ್ದರಿಂದ ಈಗ ಆ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯಾ ಅಥವಾ ಬೆಳೆಸಿದ ಪ್ರಾಣಿಕೋಶಗಳಿಗೆ ಸೇರಿಸಿ, ಅವುಗಳಿಂದಲೇ ಪ್ರೋಟೀನ್ ತಯಾರಿಸಿ, ಶುದ್ಧಗೊಳಿಸಿ, ಒಣ ಪುಡಿಯಾಗಿ ಪುಟ್ಟ ಶೀಶೆಗಳಲ್ಲಿ ತುಂಬುತ್ತಾರೆ. ಸಂಶೋಧಕರು ಅದನ್ನು ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂನಂತೆ ನರಕೋಶಗಳ ತಟ್ಟೆಗೆ ಹಾಕುತ್ತಾರೆ. ಒಂದು ತಟ್ಟೆಗೆ ಹಾಕಿ ಪಕ್ಕದ್ದಕ್ಕೆ ಹಾಕದೆ ಬಿಟ್ಟರೆ, ಕೆಲವೇ ದಿನಗಳಲ್ಲಿ ಮೊದಲನೆಯದರಲ್ಲಿ ತಂತುಗಳು ಕವಲೊಡೆದಿರುತ್ತವೆ, ಎರಡನೆಯದರಲ್ಲಿ ಕೋಶಗಳು ಸತ್ತಿರುತ್ತವೆ.