ಒಂದು ಅಂಕದ ಪ್ರಶ್ನೆ ಮತ್ತು ಸ್ನೇಹಲತಾ ರೆಡ್ಡಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಈ ಪ್ರಶ್ನೆ ಬಾಯಿಪಾಠ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡ ಚಿತ್ರ ಯಾವುದು? ‘ಸಂಸ್ಕಾರ’. ವರ್ಷ 1970, ಕಾದಂಬರಿ ಯು.ಆರ್. ಅನಂತಮೂರ್ತಿ ಅವರದು, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ. ಹುಣಸೂರಿನ ಗ್ರಂಥಾಲಯದಲ್ಲಿ ಕೂತು ನಾನೂ ಇಷ್ಟನ್ನು ನೋಟ್ಸ್ ಮಾಡಿಕೊಂಡು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಚಿತ್ರವನ್ನು ಮಾತ್ರ ನೋಡಿರಲಿಲ್ಲ. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರ ಹೆಸರು ನನ್ನ ನೋಟ್ಸಿನಲ್ಲಿ ಇರಲೂ ಇಲ್ಲ.

ಆ ಹೆಸರು ಸಿಕ್ಕಿದ್ದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ. ನೇಮಕಾತಿ ಪರೀಕ್ಷೆಯೊಂದರ ವಿಚಾರವಾಗಿ ಅಭ್ಯರ್ಥಿಗಳ ಪ್ರತಿಭಟನೆ ಇತ್ತು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಗೆಳೆಯರ ಜೊತೆ ರಾತ್ರಿ ಬಸ್ಸಿಗೆ ಹೋಗಿದ್ದೆ. ಮಧ್ಯಾಹ್ನ ನೆರಳು ಹುಡುಕಿಕೊಂಡು ಒಳಗೆ ಹೋದಾಗ ಹಳೆಯ ಕಾವಲು ಗೋಪುರ ಕಂಡಿತು. ಈ ಉದ್ಯಾನ ಮೊದಲು ಬೆಂಗಳೂರಿನ ಸೆಂಟ್ರಲ್ ಜೈಲಾಗಿತ್ತು. ‘ಸಂಸ್ಕಾರ’ದ ನಾಯಕಿಯನ್ನು ಇಲ್ಲೇ ಎಂಟು ತಿಂಗಳು ಇಟ್ಟಿದ್ದರು, ಹೊರಗೆ ಬಂದ ಐದೇ ದಿನಕ್ಕೆ ಅವರು ತೀರಿಕೊಂಡರು ಎಂದು ಜೊತೆಯಲ್ಲಿದ್ದ ಹಿರಿಯರೊಬ್ಬರು ಹೇಳಿದರು. ಊರಿಗೆ ಬಂದ ಮೇಲೆ ಮೊಬೈಲಿನಲ್ಲೇ ಚಿತ್ರ ನೋಡಿದೆ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಸ್ನೇಹಲತಾ ಹುಟ್ಟಿದ್ದು 1932ರಲ್ಲಿ, ಆಂಧ್ರದ ಒಂದು ಕ್ರೈಸ್ತ ಕುಟುಂಬದಲ್ಲಿ. ಬ್ರಿಟಿಷರ ಆಳ್ವಿಕೆಯ ಮೇಲೆ ಅವರಿಗೆ ಚಿಕ್ಕಂದಿನಿಂದಲೇ ಸಿಟ್ಟು. ಹಾಗಾಗಿ ಭಾರತೀಯ ಹೆಸರನ್ನೇ ಇಟ್ಟುಕೊಂಡರು, ಭಾರತೀಯ ಉಡುಪನ್ನೇ ತೊಟ್ಟರು. ತೆಲುಗಿನ ಆಧುನಿಕ ಕವಿ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಗಂಡ ಹೆಂಡತಿ ಇಬ್ಬರೂ ರಾಮಮನೋಹರ ಲೋಹಿಯಾ ಅವರ ಸಮಾಜವಾದವನ್ನು ಒಪ್ಪಿಕೊಂಡವರು. ಜಾತಿಯ ತಾರತಮ್ಯವನ್ನೂ ಹೆಣ್ಣಿನ ಮೇಲಿನ ತಾರತಮ್ಯವನ್ನೂ ಒಟ್ಟಿಗೇ ಎದುರಿಸಬೇಕು ಎಂಬುದು ಲೋಹಿಯಾ ವಿಚಾರದ ಮುಖ್ಯ ಭಾಗ. ಸ್ನೇಹಲತಾ ಅದನ್ನು ಭಾಷಣಕ್ಕಷ್ಟೇ ಇಟ್ಟುಕೊಳ್ಳಲಿಲ್ಲ ಎಂಬುದು ಅವರ ಬದುಕನ್ನು ನೋಡಿದರೆ ಗೊತ್ತಾಗುತ್ತದೆ.

ಅವರಿಗೆ ಮೊದಲ ಪ್ರೀತಿ ರಂಗಭೂಮಿ. ಇಂಗ್ಲಿಷ್ ನಾಟಕಗಳನ್ನು ಆಡುತ್ತಿದ್ದ ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ನಟಿಸಿದರು, ನಾಟಕ ನಿರ್ದೇಶಿಸಿದರು. ಆಗ ಮದ್ರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದ ಗಿರೀಶ ಕಾರ್ನಾಡರೂ ಅದೇ ತಂಡದಲ್ಲಿದ್ದರು. 1965ರಲ್ಲಿ ಬಂದಿದ್ದ ‘ಸಂಸ್ಕಾರ’ ಕಾದಂಬರಿಯನ್ನು ಸಿನಿಮಾ ಮಾಡುವ ಕನಸು ಈ ಗೆಳೆಯರ ನಡುವೆಯೇ ಬೆಳೆಯಿತು. ಚಿತ್ರಕಥೆ ಕಾರ್ನಾಡರದು. ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಂಗೀತ ಕೊಟ್ಟವರು ಸರೋದ್ ವಾದಕ ರಾಜೀವ ತಾರಾನಾಥ್, ಮುಂದೆ ಮೈಸೂರಿನಲ್ಲೇ ನೆಲೆಸಿ 2024ರಲ್ಲಿ ಅಲ್ಲೇ ನಿಧನರಾದವರು.

ಈ ಕಾದಂಬರಿ ಹುಟ್ಟಿದ್ದರ ಹಿಂದೆಯೂ ಒಂದು ಸಿನಿಮಾ ಇದೆ. ಮೈಸೂರಿನಲ್ಲಿ ಓದಿದ ಅನಂತಮೂರ್ತಿಯವರು ಪಿಎಚ್.ಡಿ. ಮಾಡಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋಗಿದ್ದರು. ಅಲ್ಲಿ ಗುರು ಮಾಲ್ಕಂ ಬ್ರಾಡ್‌ಬರಿಯವರ ಜೊತೆ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ ನೋಡಿದರು. 1957ರ ಚಿತ್ರ, ಸಬ್‌ಟೈಟಲ್ ಕೂಡ ಇರಲಿಲ್ಲ. ಮಾತು ಪೂರ್ತಿ ಅರ್ಥವಾಗದಿದ್ದರೂ ಅದು ಅವರನ್ನು ಅಲ್ಲಾಡಿಸಿತು. ಯುರೋಪಿನವರು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕಾದ ಆ ಹಳೆಯ ಕಾಲ ತಮ್ಮ ಮಲೆನಾಡಿನ ಅಗ್ರಹಾರದಲ್ಲಿ ಇನ್ನೂ ಜೀವಂತವಾಗಿದೆ ಎಂದು ಅವರಿಗೆ ಅನ್ನಿಸಿತು. ‘ಸಂಸ್ಕಾರ’ವನ್ನು ಬರೆದದ್ದು ಆಮೇಲೆ.

ಬರ್ಗ್‌ಮನ್ ಪಾದ್ರಿಯೊಬ್ಬರ ಮಗ. ಅವರ ಚಿತ್ರದಲ್ಲಿ ಧರ್ಮಯುದ್ಧ ಮುಗಿಸಿ ಊರಿಗೆ ಮರಳುವ ಯೋಧನೊಬ್ಬನಿದ್ದಾನೆ. ದಾರಿಯುದ್ದಕ್ಕೂ ಪ್ಲೇಗು. ಕರಿಯ ನಿಲುವಂಗಿ ತೊಟ್ಟ ಸಾವು ಎದುರಿಗೆ ಬಂದು ನಿಂತಾಗ ಅವನು ಚದುರಂಗ ಆಡೋಣ ಬಾ ಎಂದು ಕರೆಯುತ್ತಾನೆ. ಆಟ ನಡೆಯುವಷ್ಟು ಹೊತ್ತು ಅವನಿಗೆ ಜೀವದಾನ. ದೇವರಿದ್ದಾನೆಯೇ ಎಂದು ಸಾಯುವ ಮೊದಲು ಖಚಿತವಾಗಿ ತಿಳಿಯಬೇಕು ಎಂಬುದು ಅವನ ಹಂಬಲ. ಆ ಉತ್ತರ ಕೊನೆಗೂ ಸಿಗುವುದಿಲ್ಲ. ಆದರೆ ಆಟದ ನಡುವೆ ಕಾಯಿಗಳನ್ನು ಬೀಳಿಸಿ ಸಾವಿನ ಗಮನ ಬೇರೆಡೆ ಸೆಳೆಯುತ್ತಾನೆ. ಅಷ್ಟರಲ್ಲಿ ನಾಟಕದವರ ಒಂದು ಬಡ ಸಂಸಾರ, ಗಂಡ ಹೆಂಡತಿ ಮತ್ತು ಪುಟ್ಟ ಮಗು, ಗಾಡಿ ಹೂಡಿಕೊಂಡು ತಪ್ಪಿಸಿಕೊಳ್ಳುತ್ತದೆ.

‘ಸಂಸ್ಕಾರ’ದಲ್ಲಿಯೂ ಪ್ಲೇಗಿದೆ, ಇಲಿಗಳು ಸಾಯುತ್ತವೆ, ಹದ್ದುಗಳು ಮನೆಯ ಮೇಲೆ ಬಂದು ಕೂರುತ್ತವೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಆತ ಬ್ರಾಹ್ಮಣ್ಯವನ್ನು ಬಿಟ್ಟವನು, ಆದರೆ ಬ್ರಾಹ್ಮಣ್ಯ ಅವನನ್ನು ಬಿಟ್ಟಿಲ್ಲ, ಬಹಿಷ್ಕಾರ ಹಾಕಿಲ್ಲ. ಹಾಗಾದರೆ ಹೆಣ ಸುಡುವವರು ಯಾರು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಪಂಡಿತ ಪ್ರಾಣೇಶಾಚಾರ್ಯರು ತಾಳೆಗರಿ ಗ್ರಂಥಗಳನ್ನು ತಿರುವುತ್ತಾರೆ, ಉತ್ತರವಿಲ್ಲ. ಮಾರುತಿ ಗುಡಿಯಲ್ಲಿ ಹೂವಿನ ಪ್ರಸಾದಕ್ಕೆ ಕಾಯುತ್ತಾರೆ, ದೇವರೂ ಹೇಳುವುದಿಲ್ಲ. ಸೋತು ಹಿಂದಿರುಗುವಾಗ ಕಾಡಿನ ಕತ್ತಲೆಯಲ್ಲಿ ಚಂದ್ರಿಯ ಸಂಗವಾಗುತ್ತದೆ. ಅಲ್ಲಿಂದ ಅವರೊಳಗೆ ಸಂದೇಹ ಶುರು. ಅದು ದೇವರ ಬಗ್ಗೆ ಮಾತ್ರವಲ್ಲ, ತನ್ನ ಒಳ್ಳೆಯತನ ನಿಜವಾಗಿಯೂ ತನ್ನದೇ ಅಥವಾ ಬರೀ ರೂಢಿಯೇ ಎಂಬುದರ ಬಗ್ಗೆ.

ಇಷ್ಟೆಲ್ಲ ಚರ್ಚೆ ನಡೆಯುವಾಗ ಚಂದ್ರಿ ಏನು ಮಾಡುತ್ತಾಳೆ? ಆಕೆ ನಾರಣಪ್ಪನ ಜೊತೆ ಬಾಳಿದ ಕೀಳುಜಾತಿಯ ಹೆಣ್ಣು. ಅಂತ್ಯಕ್ರಿಯೆಯ ಖರ್ಚಿಗೆಂದು ಮೈಮೇಲಿನ ಒಡವೆಯನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಬಂಗಾರ ಕಂಡ ಮೇಲೆ ಬೇಡ ಎನ್ನುತ್ತಿದ್ದವರಿಗೂ ಆಸೆ ಹುಟ್ಟುತ್ತದೆ. ಯಾರೂ ಮುಂದೆ ಬಾರದಿದ್ದಾಗ, ಕಾದಂಬರಿಯಲ್ಲಿ, ಒಬ್ಬ ಮುಸ್ಲಿಂ ಮೀನು ವ್ಯಾಪಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಊರು ಬಿಟ್ಟು ಹೋಗುತ್ತಾಳೆ. ಅಗ್ರಹಾರಕ್ಕೆ ಅದು ಗೊತ್ತೇ ಇಲ್ಲ, ಚರ್ಚೆ ಮುಂದುವರಿಯುತ್ತಲೇ ಇರುತ್ತದೆ. ಚಿತ್ರದಲ್ಲಿ ಸ್ನೇಹಲತಾ ಅವರಿಗೆ ಮಾತು ಕಡಿಮೆ. ಕಂಬಕ್ಕೆ ಒರಗಿ ಕಾಯುವುದು, ನೋಡುವುದು ಇಷ್ಟೇ ಹೆಚ್ಚು. ಆದರೂ ಚಿತ್ರ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಅವರೇ.

ನಮ್ಮ ತಲೆಮಾರಿಗೆ ಈ ಕಥೆ ದೂರದ್ದಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ನಾವು ಅದನ್ನು ಕಥೆ ಎಂದುಕೊಂಡಿದ್ದೆವು. 2021ರ ಬೇಸಿಗೆಯಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ನಮ್ಮ ಬಂಧುವೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹತ್ತಿರದವರೇ ದೂರ ನಿಂತರು, ನಾನೂ ನಿಂತೆ. ಹೆಗಲು ಕೊಟ್ಟವರು ಹೆಸರೂ ಗೊತ್ತಿಲ್ಲದ ನಾಲ್ಕು ಸ್ವಯಂಸೇವಕ ಹುಡುಗರು. ಅವರ ಜಾತಿ ಧರ್ಮ ಯಾವುದೆಂದು ಆ ದಿನ ಯಾರೂ ಕೇಳಲಿಲ್ಲ. ಚಂದ್ರಿಯನ್ನು ನೋಡುವಾಗ ಆ ಹುಡುಗರು ನೆನಪಾದರು.

ಚಿತ್ರ ಸುಲಭವಾಗಿ ಹೊರಗೆ ಬರಲಿಲ್ಲ. ಒಂದು ಸಮುದಾಯದ ಭಾವನೆಗೆ ಧಕ್ಕೆಯಾಗುತ್ತದೆ, ಗಲಾಟೆಯಾಗುತ್ತದೆ ಎಂಬ ಅಂಜಿಕೆಯಿಂದ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿತು. ಕೊನೆಗೆ ಕೇಂದ್ರದ ಮಟ್ಟದಲ್ಲಿ ಅನುಮತಿ ಸಿಕ್ಕಿ ಬಿಡುಗಡೆಯಾಯಿತು. ತಡೆದಿದ್ದ ಅದೇ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಬಂತು. ಕನ್ನಡದ ಹೊಸ ಅಲೆಯ ಸಿನಿಮಾಗಳಿಗೆ ದಾರಿ ತೆರೆದದ್ದು ಹೀಗೆ.

ಐದು ವರ್ಷದ ನಂತರ, 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಆಗ ರೆಡ್ಡಿ ಕುಟುಂಬ ಬೆಂಗಳೂರಿನಲ್ಲಿತ್ತು. ಮಂಗಳೂರಿನ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಸ್ನೇಹಲತಾ ಅವರ ಆಪ್ತ ಬಳಗದವರು, ತುರ್ತುಪರಿಸ್ಥಿತಿಯನ್ನು ವಿರೋಧಿಸಿದವರು. 1976ರ ಮೇ 1ರಂದು ಜಾರ್ಜ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಬೆಂಗಳೂರಿನಲ್ಲಿ ಹಿಡಿದರು, ಚಿತ್ರಹಿಂಸೆ ಕೊಟ್ಟರು. ಮರುದಿನ, ಮೇ 2ರಂದು, ಸ್ನೇಹಲತಾ ಅವರ ಬಂಧನವಾಯಿತು. ಬರೋಡ ಡೈನಮೈಟ್ ಪ್ರಕರಣದ ಹೆಸರು ಹೇಳಿದರೂ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮೀಸಾ ಕಾಯ್ದೆಯ ಕೆಳಗೆ, ವಿಚಾರಣೆಯೇ ಇಲ್ಲದೆ, ಜೈಲಿನಲ್ಲಿ ಇಟ್ಟುಕೊಂಡರು.

ಅವರಿಗೆ ಮೊದಲಿನಿಂದಲೂ ಆಸ್ತಮಾ. ಒಂಟಿ ಕೋಣೆಯಲ್ಲಿ ಅದು ದಿನದಿಂದ ದಿನಕ್ಕೆ ಹೆಚ್ಚಿತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಸಂಸದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೋಣೆಯಿಂದ ಚೀರಾಟ ಕೇಳಿಸುತ್ತಿತ್ತು ಎಂದು ಮುಂದೆ ಬರೆದರು. ಇಂಥ ಸ್ಥಿತಿಯಲ್ಲೂ ಸ್ನೇಹಲತಾ ಸುಮ್ಮನಿರಲಿಲ್ಲ. ಜೈಲಿನಲ್ಲಿದ್ದ ಬಡ ಹೆಣ್ಣುಮಕ್ಕಳನ್ನು ಹೊಡೆಯುವುದನ್ನು ವಿರೋಧಿಸಿದರು. ಅವರ ಊಟ ಸುಧಾರಿಸಬೇಕೆಂದು ಹಟ ಹಿಡಿದು ಉಪವಾಸ ಕೂತರು. ಅವರಿಗೆ ಹಾಡು, ಆಟ, ನಾಟಕ ಕಲಿಸಿದರು. ಒಂದು ಡೈರಿಯನ್ನೂ ಬರೆದರು. ಅವರ ಸಾವಿನ ನಂತರ 1977ರಲ್ಲಿ ಅದು ಪುಸ್ತಕವಾಗಿ ಬಂತು.

1977ರ ಜನವರಿ 15ರಂದು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ, ಪೆರೋಲ್ ಮೇಲೆ ಬಿಟ್ಟರು. ಜನವರಿ 18ರಂದು ಇಂದಿರಾ ಗಾಂಧಿಯವರು ಲೋಕಸಭಾ ಚುನಾವಣೆ ಘೋಷಿಸಿದರು. ಜನವರಿ 20ರಂದು ಸ್ನೇಹಲತಾ ತೀರಿಕೊಂಡರು. ಮಾರ್ಚ್ 21ರಂದು ತುರ್ತುಪರಿಸ್ಥಿತಿ ಹೋಯಿತು. ಇನ್ನೆರಡು ತಿಂಗಳು ಬದುಕಿದ್ದರೆ ಅವರು ಅದನ್ನು ನೋಡುತ್ತಿದ್ದರು.

ಇಲ್ಲಿ ನಮ್ಮ ಕಡೆಯವರಿಗೆ ನುಂಗಲಾರದ ಒಂದು ಮಾತಿದೆ. ಆಗ ರಾಜ್ಯದ ಮುಖ್ಯಮಂತ್ರಿ ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ನಮ್ಮ ತಾತ ಗೇಣಿಗೆ ಉಳುತ್ತಿದ್ದ ಎರಡು ಎಕರೆ ಭೂ ನ್ಯಾಯಮಂಡಳಿಯಿಂದ ಅವರ ಹೆಸರಿಗೆ ಬಂದದ್ದು ಹಾಗೆಯೇ. ಅದರಲ್ಲಿ ಬೆಳೆದ ಹೊಗೆಸೊಪ್ಪಿನ ದುಡ್ಡಿನಲ್ಲೇ ನಾನು ಓದಿದ್ದು. ಹಾವನೂರು ಆಯೋಗ ನೇಮಿಸಿ ಹಿಂದುಳಿದವರಿಗೆ ಮೀಸಲಾತಿಯ ಬಾಗಿಲು ತೆರೆದವರೂ ಅರಸು ಅವರೇ. ನಮ್ಮ ಮನೆಯಲ್ಲಿ ದೇವರ ಪಟಗಳ ಪಕ್ಕದಲ್ಲಿ ಅವರ ಫೋಟೊ ಇದೆ. ತುರ್ತುಪರಿಸ್ಥಿತಿ ಹೇರಿದ್ದು ದೆಹಲಿ. ಆದರೆ ಸ್ನೇಹಲತಾ ನರಳಿದ ಜೈಲು ರಾಜ್ಯ ಸರ್ಕಾರದ ಕೈಯಲ್ಲಿತ್ತು.

ಇದನ್ನು ತಿಳಿದ ದಿನ ಅಪ್ಪನಿಗೆ ಹೇಳಿದೆ. ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಜಮೀನಿನ ಮಾತು ಬೇರೆ, ಇದು ಬೇರೆ, ಎರಡೂ ನಡೆದದ್ದೇ ಎಂದರು. ಫೋಟೊ ಗೋಡೆಯ ಮೇಲೇ ಇದೆ, ಇರಲೂಬೇಕು. ಆದರೆ ಈಗ ಅದನ್ನು ನೋಡುವಾಗ ಜೈಲಿನ ಆ ಕೋಣೆಯೂ ಕಣ್ಣ ಮುಂದೆ ಬರುತ್ತದೆ. ಪ್ರಾಣೇಶಾಚಾರ್ಯರ ಸಂಕಟ ಏನೆಂದು ನನಗೆ ಸ್ವಲ್ಪ ಅರ್ಥವಾದದ್ದು ಆಗ. ಗೌರವಿಸುವವರ ಬಗ್ಗೆ ಸಂದೇಹ ಬಂದರೆ ಒಂದೋ ಗೌರವವನ್ನು ಬಿಸಾಡಬೇಕು, ಇಲ್ಲವೇ ಸಂದೇಹವನ್ನು ಅಡಗಿಸಬೇಕು ಎಂದು ನಾವು ಅಂದುಕೊಂಡಿರುತ್ತೇವೆ. ಎರಡನ್ನೂ ಇಟ್ಟುಕೊಂಡು ಬದುಕುವುದು ಕಷ್ಟ, ಆದರೆ ಅದು ಸಾಧ್ಯ.

ಸ್ನೇಹಲತಾ ಅವರ ಬದುಕಿನಿಂದ ನಾನು ಕಲಿತದ್ದು ಇನ್ನೊಂದು. ದೇವರಿದ್ದಾನೆಯೇ, ಧರ್ಮ ಯಾವುದು, ಸತ್ತ ಮೇಲೆ ಏನು ಎಂಬ ಪ್ರಶ್ನೆಗಳಿಗೆ ಬರ್ಗ್‌ಮನ್ನರ ಯೋಧನಿಗೂ ಉತ್ತರ ಸಿಗಲಿಲ್ಲ, ಆಚಾರ್ಯರಿಗೂ ಸಿಗಲಿಲ್ಲ. ಆದರೆ ಯೋಧ ಒಂದು ಸಂಸಾರವನ್ನು ಉಳಿಸಿದ, ಚಂದ್ರಿ ಒಂದು ಹೆಣಕ್ಕೆ ಗೌರವ ಕೊಟ್ಟಳು. ಉಸಿರಾಡಲು ಕಷ್ಟಪಡುತ್ತಿದ್ದ ಸ್ನೇಹಲತಾ ಪಕ್ಕದ ಕೋಣೆಯ ಹೆಂಗಸಿನ ಊಟಕ್ಕಾಗಿ ಜಗಳವಾಡಿದರು. ಉತ್ತರ ಸಿಗುವ ತನಕ ಕಾಯದೆ ಮಾಡಬಹುದಾದ ಕೆಲಸಗಳು ಇರುತ್ತವೆ.

ಮುಂದಿನ ಪರೀಕ್ಷೆಗೂ ಆ ಒಂದು ಅಂಕದ ಪ್ರಶ್ನೆ ಬರಬಹುದು, ಉತ್ತರ ಗೊತ್ತಿದೆ. ನೋಟ್ಸಿನಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಚಂದ್ರಿ, ಸ್ನೇಹಲತಾ ರೆಡ್ಡಿ, 1932–1977. ಈ ಸಾಲಿಗೆ ಅಂಕ ಬರುವುದಿಲ್ಲ. ಫ್ರೀಡಂ ಪಾರ್ಕ್‌ಗೆ ನೀವೂ ಬ್ಯಾನರ್ ಹಿಡಿದು ಹೋಗುವ ದಿನ ಬಂದರೆ, ಹತ್ತು ನಿಮಿಷ ಬಿಡುವು ಮಾಡಿಕೊಂಡು ಆ ಹಳೆಯ ಗೋಪುರದ ಕಡೆ ಹೋಗಿ ಬನ್ನಿ.