ನ್ಯೂಟನ್‌ಗಿಂತ 500 ವರ್ಷ ಮೊದಲೇ ಭಾಸ್ಕರಾಚಾರ್ಯರು ಕ್ಯಾಲ್ಕುಲಸ್ ಕಂಡುಹಿಡಿದಿದ್ದರೇ?

ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಅದರಲ್ಲಿ ಅರ್ಧ ನಿಜವಿದೆ. ಯಾವ ಅರ್ಧ ಎಂದು ನೋಡೋಣ.

ಭಾಸ್ಕರಾಚಾರ್ಯರು ಹುಟ್ಟಿದ್ದು 1114ರಲ್ಲಿ. ತಂದೆ ಮಹೇಶ್ವರರೇ ಗುರು. ತಮ್ಮ ಊರು ಸಹ್ಯಾದ್ರಿ ಬಳಿಯ ವಿಜ್ಜಡವಿಡ ಎಂದು ಅವರೇ ಬರೆದಿದ್ದಾರೆ. ಅದು ನಮ್ಮ ವಿಜಯಪುರವೇ ಎಂದು ಹಲವರು ಹೇಳುತ್ತಾರೆ. ಆದರೆ ವಿಜಯಪುರದಿಂದ ಸಹ್ಯಾದ್ರಿ ದೂರ, ಅವರ ಮೊಮ್ಮಗ ಚಂಗದೇವನ ಶಾಸನ ಸಿಕ್ಕಿರುವುದೂ ಮಹಾರಾಷ್ಟ್ರದ ಜಲಗಾಂವ್ ಜಿಲ್ಲೆಯಲ್ಲಿ. ಹಾಗಾಗಿ ಊರಿನ ಚರ್ಚೆ ಇನ್ನೂ ಮುಗಿದಿಲ್ಲ.

36ನೇ ವಯಸ್ಸಿನಲ್ಲಿ, 1150ರಲ್ಲಿ, 'ಸಿದ್ಧಾಂತ ಶಿರೋಮಣಿ' ಬರೆದರು. ಪ್ರಸಿದ್ಧ 'ಲೀಲಾವತಿ' ಇದರದೇ ಭಾಗ. (ಮುತ್ತು ಬಿದ್ದು ಮಗಳ ಮುಹೂರ್ತ ತಪ್ಪಿತು ಎಂಬ ಕಥೆ ಅದರಲ್ಲಿಲ್ಲ. ಅದು ಹಬ್ಬಿದ್ದು 1587ರ ಪರ್ಷಿಯನ್ ಅನುವಾದದಿಂದ.)

ಕ್ಯಾಲ್ಕುಲಸ್ ವಿಷಯ ಇರುವುದು ಗ್ರಹಗಳ ಲೆಕ್ಕದಲ್ಲಿ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಸಾಗುತ್ತಾನೆ, ಆದರೆ ಒಂದೇ ವೇಗದಲ್ಲಲ್ಲ. ತಿಥಿ ಯಾವಾಗ ಮುಗಿಯುತ್ತದೆ ಎಂದು ಸರಿಯಾಗಿ ಹೇಳಲು ಇಡೀ ದಿನದ ಸರಾಸರಿ ಸಾಲದು, ಆ ಕ್ಷಣದ ವೇಗವೇ ಬೇಕು. ಇದನ್ನು ಅವರು ತಾತ್ಕಾಲಿಕ ಗತಿ ಎಂದರು. ಅದಕ್ಕೆ ಬಳಸಿದ ಸೂತ್ರ: ಕೋನ ಚೂರು ಹೆಚ್ಚಿದಾಗ ಸೈನ್ ಎಷ್ಟು ಹೆಚ್ಚುತ್ತದೆ ಎಂದು ತಿಳಿಯಲು ಆ ಚೂರನ್ನು ಕಾಸ್‌ನಿಂದ ಗುಣಿಸಿ. ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ಸೈನ್‌ನ ಡೆರಿವೇಟಿವ್ ಇದೇ!

ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ನೀವೇ ನೋಡಿ. ಸೈನ್ 60 ಡಿಗ್ರಿ 0.8660, ಸೈನ್ 61 ಡಿಗ್ರಿ 0.8746. ವ್ಯತ್ಯಾಸ 0.0086. ಈಗ ಸೂತ್ರ ಹಾಕಿ: ಕಾಸ್ 60 ಎಂದರೆ 0.5, ಒಂದು ಡಿಗ್ರಿ ಎಂದರೆ 0.01745 ರೇಡಿಯನ್. ಗುಣಿಸಿದರೆ 0.0087.

ಈ ಜಾಡು ಹಿಡಿದವರಲ್ಲಿ ಅವರೇ ಮೊದಲಿಗರಲ್ಲ. 10ನೇ ಶತಮಾನದ ಮುಂಜಾಲರ ಗ್ರಂಥದಲ್ಲೂ ಗ್ರಹಗತಿಗೆ ಇಂಥದ್ದೇ ನಿಯಮವಿದೆ. ಅಷ್ಟೇ ಅಲ್ಲ, ಭಾಸ್ಕರರ ಸೂತ್ರ ಸೈನ್‌ಗೆ ಸೀಮಿತ. ಯಾವುದೇ ಫಂಕ್ಷನ್ ಕೊಟ್ಟರೂ ಡಿಫರೆನ್ಶಿಯೇಟ್ ಮಾಡುವ ಸಾಮಾನ್ಯ ವಿಧಾನ ಬಂದಿದ್ದು 17ನೇ ಶತಮಾನದಲ್ಲಿ, ನ್ಯೂಟನ್ ಮತ್ತು ಲೈಬ್ನಿಟ್ಸ್ ಅವರಿಂದ. ಅದನ್ನು ಮೊದಲು ಪ್ರಕಟಿಸಿದ್ದು ಲೈಬ್ನಿಟ್ಸ್, 1684ರಲ್ಲಿ. ಫಾರ್ವರ್ಡ್‌ಗಳಲ್ಲಿ ಈ ಹೆಸರು ಬರುವುದೇ ಅಪರೂಪ.

ಭಾಸ್ಕರರು 69ನೇ ವಯಸ್ಸಿನಲ್ಲೂ ಸುಮ್ಮನಿರಲಿಲ್ಲ. 1183ರಲ್ಲಿ ಗ್ರಹಗಳ ಲೆಕ್ಕ ಸುಲಭವಾಗಲೆಂದು 'ಕರಣಕುತೂಹಲ' ಬರೆದರು. ಅವರ ಗ್ರಂಥಗಳನ್ನು ಕಲಿಸಲೆಂದೇ ಮೊಮ್ಮಗ ಚಂಗದೇವ ಒಂದು ಮಠ ಕಟ್ಟಿಸಿದ. ಜಲಗಾಂವ್‌ನ ಆ ಶಾಸನ ಹೇಳುವುದು ಅದನ್ನೇ.