ಗಟ್ಟಿ ಲೋಹದ ಗೋಡೆಯನ್ನೂ ದಾಟುವ ಹೈಡ್ರೋಜನ್: ಅಪ್ಪನ ಮಾತು ಮೀರಿ ರಸಾಯನಶಾಸ್ತ್ರ ಹಿಡಿದ ಥಾಮಸ್ ಗ್ರಹಾಂ ಕಥೆ

ಮಗುವಿನ ಹುಟ್ಟುಹಬ್ಬಕ್ಕೆ ತಂದ ಗ್ಯಾಸ್ ಬಲೂನು ಮರುದಿನ ಬೆಳಗ್ಗೆ ಸೊರಗಿ ನೆಲಕ್ಕೆ ಇಳಿದಿರುತ್ತದೆ. ಗಂಟು ಬಿಚ್ಚಿಲ್ಲ, ಎಲ್ಲೂ ತೂತಿಲ್ಲ. ಹಾಗಾದರೆ ಒಳಗಿದ್ದ ಅನಿಲ ಹೋದದ್ದೆಲ್ಲಿಗೆ? ರಬ್ಬರಿನ ಮೂಲಕವೇ ಹೊರಗೆ. ರಬ್ಬರಿನ ಮಾತು ಬಿಡಿ, ಚೆನ್ನಾಗಿ ಕಾಯಿಸಿದ ಲೋಹದ ಗೋಡೆಯನ್ನೂ ಹೈಡ್ರೋಜನ್ ದಾಟಿ ಹೋಗುತ್ತದೆ. ಕಣ್ಣಿಗೆ ಕಾಣದ ಈ ಓಡಾಟದ ಬೆನ್ನು ಹತ್ತಿ ನಾಲ್ಕು ದಶಕ ಕಳೆದವರು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ.

ಪಾದ್ರಿಯಾಗಬೇಕಿದ್ದ ಹುಡುಗ

ಗ್ರಹಾಂ ಹುಟ್ಟಿದ್ದು 1805ರ ಡಿಸೆಂಬರ್‌ನಲ್ಲಿ, ಗ್ಲಾಸ್ಗೋ ನಗರದಲ್ಲಿ. ತಂದೆ ಜವಳಿ ಉದ್ಯಮಿ. ಮಗ ಚರ್ಚ್ ಸೇರಿ ಪಾದ್ರಿಯಾಗಬೇಕು ಎಂಬುದು ಅವರ ಹಠ. 1819ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದಾಗ ಹುಡುಗನಿಗೆ 14 ಕೂಡ ತುಂಬಿರಲಿಲ್ಲ. ಅಲ್ಲಿ ಥಾಮಸ್ ಥಾಮ್ಸನ್ ಅವರ ರಸಾಯನಶಾಸ್ತ್ರದ ಪಾಠ ಕೇಳಿದ ಮೇಲೆ ಮನಸ್ಸು ಬೇರೆ ಕಡೆ ತಿರುಗಲೇ ಇಲ್ಲ.

ಮಗ ಮಾತು ಕೇಳದಿದ್ದಾಗ ತಂದೆ ಹಣ ಕೊಡುವುದನ್ನೇ ನಿಲ್ಲಿಸಿದರು. ಎಡಿನ್‌ಬರೋದಲ್ಲಿ ಓದು ಮುಂದುವರಿಸಿದ ಗ್ರಹಾಂಗೆ ಆಸರೆಯಾಗಿ ನಿಂತವರು ತಾಯಿ ಮತ್ತು ಸಹೋದರಿ. ಅವರು ಲೇಖನ ಬರೆದು, ಪಾಠ ಹೇಳಿ ದಿನ ದೂಡಿದರು. ಬರೆದು ಗಳಿಸಿದ ಮೊದಲ ಹಣದಲ್ಲಿ ತಾಯಿಗೂ ಸಹೋದರಿಗೂ ಉಡುಗೊರೆ ಕೊಂಡರು.

1830ರಲ್ಲಿ ಅವರು ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಂಥ ದೊಡ್ಡ ಮಾತುಗಾರರೇನೂ ಅಲ್ಲ. ಆದರೂ ಮುಂದೆ ಆಫ್ರಿಕಾದ ಅನ್ವೇಷಕರಾಗಿ ಹೆಸರಾದ ಡೇವಿಡ್ ಲಿವಿಂಗ್‌ಸ್ಟನ್ ಅವರ ತರಗತಿಯಲ್ಲಿ ಕುಳಿತಿದ್ದರು.

ಹಗುರವಾದದ್ದು ಬೇಗ ಓಡುತ್ತದೆ

ಗಾಜಿನ ಕೊಳವೆಯೊಂದರ ಬಾಯಿಗೆ ಜಿಪ್ಸಮ್ ಗಾರೆಯ ಬಿರಡೆ, ಒಳಗೆ ಅನಿಲ, ಕೆಳಗೆ ನೀರು. ಇಷ್ಟೇ ಸಲಕರಣೆ. ಗಾರೆಯ ಸೂಕ್ಷ್ಮ ರಂಧ್ರಗಳಲ್ಲಿ ಯಾವ ಅನಿಲ ಎಷ್ಟು ಬೇಗ ಹೊರಬೀಳುತ್ತದೆ ಎಂದು ಗ್ರಹಾಂ ಅಳೆದರು. ಅನಿಲದ ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬ ನಿಯಮವನ್ನು 1833ರಲ್ಲಿ ಪ್ರಕಟಿಸಿದರು. ಹೈಡ್ರೋಜನ್‌ಗಿಂತ ಆಮ್ಲಜನಕ 16 ಪಟ್ಟು ಭಾರ, ಹಾಗಾಗಿ ಹೈಡ್ರೋಜನ್ ಅದಕ್ಕಿಂತ 4 ಪಟ್ಟು ಬೇಗ ಓಡುತ್ತದೆ. ಕಾಲೇಜಿನಲ್ಲಿ ವಿಜ್ಞಾನ ಓದಿದವರಿಗೆ ಇದು ಗ್ರಹಾಂ ನಿಯಮವೆಂದೇ ಪರಿಚಿತ.

1837ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋದರು. 1841ರಲ್ಲಿ ಹುಟ್ಟಿದ ಕೆಮಿಕಲ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. 1855ರಲ್ಲಿ ಬ್ರಿಟನ್ನಿನ ನಾಣ್ಯ ಟಂಕಸಾಲೆಯ ಮುಖ್ಯಸ್ಥರಾದರು. ಒಂದು ಕಾಲದಲ್ಲಿ ನ್ಯೂಟನ್ ಕುಳಿತಿದ್ದ ಕುರ್ಚಿ ಅದು. ಆಡಳಿತದ ಹೊರೆಯ ನಡುವೆಯೂ ಪ್ರಯೋಗ ಬಿಡಲಿಲ್ಲ. 1861ರಲ್ಲಿ ತೆಳು ಪೊರೆಯ ಮೂಲಕ ದ್ರವದಲ್ಲಿನ ವಸ್ತುಗಳನ್ನು ಬೇರ್ಪಡಿಸುವ ವಿಧಾನಕ್ಕೆ ಡಯಾಲಿಸಿಸ್ ಎಂಬ ಹೆಸರಿಟ್ಟರು. ಇಂದು ಕಿಡ್ನಿ ರೋಗಿಗಳ ಜೀವ ಉಳಿಸುತ್ತಿರುವ ಚಿಕಿತ್ಸೆಯ ಹೆಸರು ಅಲ್ಲಿಂದಲೇ ಬಂದದ್ದು.

ಗೋಡೆಯಲ್ಲಿ ಕರಗಿ ಆಚೆ ಬರುವ ಅನಿಲ

ಕಾದು ಕೆಂಪಾದ ಪ್ಲಾಟಿನಂ ಮತ್ತು ಕಬ್ಬಿಣದ ಮೂಲಕ ಹೈಡ್ರೋಜನ್ ಹಾದುಹೋಗುವುದನ್ನು 1863ರ ವೇಳೆಗೆ ಫ್ರಾನ್ಸಿನ ದೆವಿಲ್ ಮತ್ತು ತ್ರೂಸ್ತ್ ಕಂಡಿದ್ದರು. ಲೋಹದಲ್ಲೂ ಗಾರೆಯಂತೆ ರಂಧ್ರಗಳಿವೆಯೇ? ಗ್ರಹಾಂ ಮೊದಲು ರಬ್ಬರನ್ನು ಕೈಗೆತ್ತಿಕೊಂಡರು. ತೆಳು ರಬ್ಬರಿನ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ನಿರ್ವಾತ. ದಾಟಿ ಬಂದ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ಶೇ. 41ಕ್ಕೆ ಏರಿತ್ತು. ರಂಧ್ರಗಳ ಮೂಲಕವೇ ನುಸುಳಿದ್ದರೆ ಹಗುರವಾದ ಸಾರಜನಕ ಮುಂದಿರಬೇಕಿತ್ತು. ಅಂದರೆ ಇಲ್ಲಿ ನಡೆಯುವುದು ಬೇರೆ. ಅನಿಲ ಒಂದು ಬದಿಯಲ್ಲಿ ರಬ್ಬರಿನೊಳಗೆ ಕರಗುತ್ತದೆ, ಒಳಗೊಳಗೇ ಸಾಗಿ ಇನ್ನೊಂದು ಬದಿಯಲ್ಲಿ ಹೊರಬರುತ್ತದೆ. ಅವರ ನಿಯಮಕ್ಕೇ ಹೊರತಾದ ಫಲಿತಾಂಶ ಇದು. 1866ರಲ್ಲಿ ಅದನ್ನು ಅವರೇ ಪ್ರಕಟಿಸಿದರು.

ಲೋಹಗಳಲ್ಲಿ ಅವರನ್ನು ಬೆರಗುಗೊಳಿಸಿದ್ದು ಪಲ್ಲಾಡಿಯಂ. ಅದು ತನ್ನ ಗಾತ್ರದ 600 ಪಟ್ಟಿಗೂ ಹೆಚ್ಚು ಹೈಡ್ರೋಜನ್ ಹೀರಿಕೊಂಡಿತು, ವಿದ್ಯುತ್ ಹಾಯಿಸಿದಾಗ 900 ಪಟ್ಟಿಗೂ ಹೆಚ್ಚು. ಕಾಯಿಸಿದ ಪಲ್ಲಾಡಿಯಂ ಕೊಳವೆ ಹೈಡ್ರೋಜನ್‌ಗೆ ದಾರಿ ಬಿಟ್ಟು ಉಳಿದ ಅನಿಲಗಳನ್ನು ತಡೆಯಿತು. ಇಷ್ಟೊಂದು ಅನಿಲ ಲೋಹದೊಳಗೆ ಕುಳಿತಿರಬೇಕಾದರೆ ಹೈಡ್ರೋಜನ್ ಕೂಡ ಒಂದು ಲೋಹದ ಆವಿಯೇ ಇರಬೇಕು ಎಂದು ಭಾವಿಸಿ ಅದನ್ನು ಹೈಡ್ರೋಜೀನಿಯಂ ಎಂದು ಕರೆದರು. 1869ರಲ್ಲಿ ಆ ಮಿಶ್ರಲೋಹದ ಪುಟ್ಟ ಪದಕಗಳನ್ನೂ ಅಚ್ಚು ಹಾಕಿಸಿದರು. ಆ ಊಹೆ ನಿಲ್ಲಲಿಲ್ಲ. ಆದರೆ ಅಳತೆಗಳು ನಿಂತವು. ಚಿಪ್ ತಯಾರಿಕೆಗೆ ಬೇಕಾದ ಅತಿ ಶುದ್ಧ ಹೈಡ್ರೋಜನ್ ಪಡೆಯಲು ಇಂದಿಗೂ ಪಲ್ಲಾಡಿಯಂ ಪೊರೆ ಬಳಸುತ್ತಾರೆ.

ಇಂದಿಗೂ ಬಿಡದ ಪ್ರಶ್ನೆ

1869ರ ಸೆಪ್ಟೆಂಬರ್‌ನಲ್ಲಿ, 63ನೇ ವಯಸ್ಸಿನಲ್ಲಿ ಗ್ರಹಾಂ ತೀರಿಕೊಂಡರು. ಮದುವೆಯಾಗಿರಲಿಲ್ಲ. ಆರು ವರ್ಷಗಳ ನಂತರ, ಆಮ್ಲದಲ್ಲಿ ಅದ್ದಿದ ಕಬ್ಬಿಣ ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುವುದನ್ನು ಡಬ್ಲ್ಯು. ಎಚ್. ಜಾನ್ಸನ್ ವರದಿ ಮಾಡಿದರು. ಗ್ರಹಾಂ ಕಂಡ ಅದೇ ಗುಣದ ಅಪಾಯಕಾರಿ ಮುಖ ಅದು. ಭಾರತ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿ, 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನೆಯ ಗುರಿ ಇಟ್ಟುಕೊಂಡಿದೆ. ಆ ಅನಿಲವನ್ನು ತುಂಬಿಡುವ ಉಕ್ಕಿನ ಟ್ಯಾಂಕು, ಸಾಗಿಸುವ ಪೈಪು ಬಿರುಕು ಬಿಡದಂತೆ ನೋಡಿಕೊಳ್ಳುವುದು ಎಂಜಿನಿಯರುಗಳ ಮುಂದಿರುವ ದೊಡ್ಡ ಸವಾಲು.

ಗ್ಲಾಸ್ಗೋದ ಜಾರ್ಜ್ ಚೌಕದಲ್ಲಿ ಗ್ರಹಾಂ ಅವರ ಪ್ರತಿಮೆಯನ್ನು ನಿಲ್ಲಿಸಲಾಗಿತ್ತು. ಅದನ್ನು ಮಾಡಿಸಿಕೊಟ್ಟವರು ಅವರ ಶಿಷ್ಯ, ಪ್ಯಾರಾಫಿನ್ ಉದ್ಯಮಿ ಜೇಮ್ಸ್ ಯಂಗ್. ಚರ್ಚ್ ಸೇರಲು ಒಪ್ಪದೆ ತಂದೆಯ ಆಸರೆ ಕಳೆದುಕೊಂಡ ಆ ಮಗನನ್ನು ಕೊನೆಗೆ ಮಣ್ಣು ಮಾಡಿದ್ದು ಅದೇ ಊರಿನ ಕೆಥೆಡ್ರಲ್‌ನಲ್ಲಿ.